ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಕೌಟುಂಬಿಕ ಅಪರಾಧಗಳ ಗತಿ: ಅಂಕೆಗಳನ್ನು ಓದುವ ಬಗೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಮನೆಯೊಳಗಿನ ಅಪರಾಧಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲಿವೆ ಎಂಬ ಮಾತು ಸಭೆ-ಸಮಾರಂಭಗಳಲ್ಲಿಯೂ ವರ್ತಮಾನಪತ್ರಗಳಲ್ಲಿಯೂ ಪದೇ ಪದೇ ಕೇಳಿಬರುತ್ತದೆ. ಅವಿಭಕ್ತ ಕುಟುಂಬ ಒಡೆಯಿತು, ಹೆಣ್ಣುಮಕ್ಕಳು ಕಲಿತರು, ಕಾಯದೆ ಸಡಿಲಾಯಿತು, ಕಾಯದೆ ಬಿಗಿಯಾಯಿತು ಎಂದು ಮಾತಾಡುವವರ ಒಲವಿಗೆ ತಕ್ಕ ಕಾರಣಗಳೂ ಬೆನ್ನಿಗೇ ಬರುತ್ತವೆ. ಆದರೆ ಕಾರಣವನ್ನು ಹುಡುಕುವ ಮೊದಲು ಏರಿದ್ದು ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಏಟು ಹೆಚ್ಚಾಯಿತೇ? ಏಟು ತಿಂದವರು ಅದನ್ನು ಹೊರಗೆ ಹೇಳುವುದು ಹೆಚ್ಚಾಯಿತೇ? ಅಥವಾ ಹಿಂದೆ ಅಪರಾಧವೆನಿಸದಿದ್ದುದು ಈಗ ಅಪರಾಧವೆನಿಸಿತೇ? ಈ ಮೂರೂ ಪೋಲೀಸ್ ದಫ್ತರದ ಒಂದೇ ಅಂಕೆಯಲ್ಲಿ ಬೆರೆತು ಬರುತ್ತವೆ. ಅವನ್ನು ಬಿಡಿಸಿ ನೋಡಲು ಈ ಲೇಖನದಲ್ಲಿ ಪ್ರಯತ್ನಿಸಿದ್ದೇವೆ.

ಮೊದಲು ಒಂದು ತೊಡಕನ್ನು ಹೇಳಬೇಕು. ನಮ್ಮ ದಂಡಸಂಹಿತೆಯಲ್ಲಿ 'ಕೌಟುಂಬಿಕ ಅಪರಾಧ'ವೆಂಬ ಹೆಸರಿನ ಅಧ್ಯಾಯವಿಲ್ಲ. ಹೆಂಡತಿಯ ಕೊಲೆ ಕೊಲೆಯ ಕಲಮಿನಲ್ಲಿ, ಮಗನು ತಂದೆಯನ್ನು ಹೊಡೆದುದು ಗಾಯಪಡಿಸಿದ ಕಲಮಿನಲ್ಲಿ, ಮಗುವಿನ ಮೇಲೆ ಬಂಧುವೊಬ್ಬನು ಎಸಗಿದ ಅತ್ಯಾಚಾರ 2012ರ ಪೋಕ್ಸೋ ಕಾಯದೆಯಲ್ಲಿ, ಹೀಗೆ ಚದುರಿಹೋಗಿರುತ್ತವೆ. ಕುಟುಂಬದ ಹೆಸರನ್ನೇ ಹೊತ್ತು ಬರುವ ಕಲಮುಗಳು ಕೆಲವೇ. ಗಂಡ ಅಥವಾ ಅವನ ಕಡೆಯವರ ಕ್ರೌರ್ಯವನ್ನು ಕುರಿತ 498ಎ ಕಲಮು 1983ರಲ್ಲಿಯೂ, ವರದಕ್ಷಿಣೆ ಸಾವನ್ನು ಕುರಿತ 304ಬಿ ಕಲಮು 1986ರಲ್ಲಿಯೂ ಭಾರತೀಯ ದಂಡಸಂಹಿತೆಯನ್ನು ಸೇರಿದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಇವೇ ಕ್ರಮವಾಗಿ 85-86 ಮತ್ತು 80ನೆಯ ಕಲಮುಗಳಾಗಿವೆ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಎಣಿಕೆಯ ಪದ್ಧತಿಯನ್ನೂ ಇಲ್ಲಿ ನೆನಪಿಡತಕ್ಕದ್ದು. ಒಂದು ಪ್ರಕರಣದಲ್ಲಿ ಹಲವು ಕಲಮುಗಳಿದ್ದರೆ ಅತ್ಯಂತ ಘೋರವಾದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ವರ್ಷಗಟ್ಟಲೆ ಹಿಂಸಿಸಿ ಕೊನೆಗೆ ಕೊಂದರೆ ಅದು ಕೊಲೆಯೊಂದೇ. ಹಿಂದಿನ ಕ್ರೌರ್ಯಕ್ಕೆ ಲೆಕ್ಕದಲ್ಲಿ ಸ್ಥಾನವಿಲ್ಲ. ಅಂದರೆ ಹಿಂಸೆ ತನ್ನ ತುದಿಯನ್ನು ಮುಟ್ಟಿದಾಗಲೇ 'ಕ್ರೌರ್ಯ'ದ ಸಾಲಿನಿಂದ ಅದು ಮರೆಯಾಗುತ್ತದೆ.

ಇನ್ನು ಪ್ರದೇಶದ ಮಾತು. ಸುಮಾರು 20 ಕಿಲೋಮೀಟರು ಅಂತರದ ಎರಡು ಊರುಗಳು 1962ರಲ್ಲಿ ಒಂದೇ ಪಾಲಿಕೆಯ ಆಡಳಿತಕ್ಕೆ ಬಂದವು. ಒಂದು ವ್ಯಾಪಾರದ ಮತ್ತು ರೇಲ್ವೆಯ ಊರು, ಇನ್ನೊಂದು ವಿದ್ಯೆಯ ಮತ್ತು ಕಚೇರಿಗಳ ಊರು. 2011ರ ಜನಗಣತಿಯಲ್ಲಿ ಇವೆರಡರ ಜನಸಂಖ್ಯೆ 9 ಲಕ್ಷ 43 ಸಾವಿರವನ್ನು ಮಿಕ್ಕಿತ್ತು. ಅಪರಾಧ ದಾಖಲೆ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಮಹಾನಗರಗಳ ಪ್ರತ್ಯೇಕ ಅಧ್ಯಾಯಗಳುಂಟು. ಆದರೆ ಅವು 20 ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ 19 ನಗರಗಳಿಗೆ ಮಾತ್ರ ಮೀಸಲು. ಕರ್ನಾಟಕದಿಂದ ಅಲ್ಲಿ ಸಿಗುವುದು ಬೆಂಗಳೂರೊಂದೇ. ಆದ್ದರಿಂದ 'ಕರ್ನಾಟಕದ ನಗರಗಳಲ್ಲಿ ಹೀಗಿದೆ' ಎಂದು ಬರೆಯುವವರು ಬಹುಮಟ್ಟಿಗೆ ಬೆಂಗಳೂರನ್ನೇ ಕುರಿತು ಬರೆಯುತ್ತಿರುತ್ತಾರೆ. ಅವಳಿ ನಗರದ ವಿದ್ಯಾರ್ಥಿಯು ಬೆಂಗಳೂರಿನ ಅಂಕೆಯನ್ನು ತನ್ನ ಊರಿಗೆ ಹೊಂದಿಸಿ ಬರೆಯುವುದನ್ನು ನಾವು ಪ್ರಬಂಧಗಳಲ್ಲಿ ನೋಡುತ್ತಲೇ ಬಂದಿದ್ದೇವೆ.

ಈ ಭಾಗದ ಕೌಟುಂಬಿಕ ನ್ಯಾಯದ ಇತಿಹಾಸಕ್ಕೆ ತನ್ನದೇ ಆದ ಒಂದು ಜಾಡು ಇದೆ. ಧಾರವಾಡ ಜಿಲ್ಲೆಯು 1956ರ ನವೆಂಬರ್ 1ರ ವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಹಿಂದೂ ವಿವಾಹ ಕಾಯದೆ ಬಂದುದು 1955ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ, 1946ರಲ್ಲಿ, ಮುಂಬಯಿ ಶಾಸನಸಭೆಯು ಹಿಂದೂಗಳಲ್ಲಿ ದ್ವಿಪತ್ನೀ ವಿವಾಹವನ್ನು ನಿಷೇಧಿಸಿ ಶಿಕ್ಷಾರ್ಹವಾಗಿಸಿತ್ತು. 1947ರಲ್ಲಿ ವಿಚ್ಛೇದನದ ಕಾಯದೆಯೂ ಬಂದಿತು. ಈ ಭಾಗದ ಹಲವು ಸಮಾಜಗಳಲ್ಲಿ ಆ ಮೊದಲು ಬೇರೆಯೇ ಏರ್ಪಾಡಿತ್ತು. ದೈವದವರು ಕೂಡಿ ಕುಳಿತು, ಎರಡೂ ಕಡೆಯವರನ್ನು ಕರೆಸಿ, ಬಾಳುವೆ ಆಗದೆಂದು ಕಂಡರೆ ಸೋಡಚೀಟಿ ಕೊಡಿಸುತ್ತಿದ್ದರು. ಹೆಣ್ಣಿಗೆ ಉಡಿಕೆಯ ದಾರಿಯೂ ತೆರೆದಿರುತ್ತಿತ್ತು. ಈ ಏರ್ಪಾಡನ್ನು ನಾವು ಹೊಗಳಹೊರಟಿಲ್ಲ. ದೈವದ ಮುಂದೆ ಹೆಣ್ಣಿನ ಮಾತಿಗೆ ಅಪ್ಪ-ಅಣ್ಣಂದಿರ ಬಾಯಿಯೇ ಆಧಾರವಾಗಿತ್ತು, ತಪ್ಪಿತಸ್ಥ ಗಂಡನಿಗೆ ದಂಡಕ್ಕಿಂತ ಬುದ್ಧಿವಾದವೇ ಹೆಚ್ಚಾಗಿ ಸಲ್ಲುತ್ತಿತ್ತು. ನಮಗೆ ಬೇಕಾದ ಸಂಗತಿಯೆಂದರೆ, ಅಲ್ಲಿ ಮುಗಿದುಹೋದ ಯಾವ ವ್ಯಾಜ್ಯವೂ ಸರಕಾರಿ ಕಾಗದಕ್ಕೆ ಇಳಿಯುತ್ತಿರಲಿಲ್ಲ. ಹಿಂದಿನ ಕಾಲದ ಕಡಿಮೆ ಅಂಕೆಯ ಎದುರಿಗೆ ಇಂದಿನ ಹೆಚ್ಚಿನ ಅಂಕೆಯನ್ನಿಟ್ಟು ನೋಡುವವರು ಇದನ್ನು ಮರೆಯುತ್ತಾರೆ.

ಕೊಡುಕೊಳ್ಳುವಿಕೆಯ ದಿಕ್ಕೂ ಒಂದೇ ಶತಮಾನದಲ್ಲಿ ತಿರುಗಿತು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುತ್ತಿದ್ದ 'ತೆರ' ಹಲವು ಸಮಾಜಗಳಲ್ಲಿ ರೂಢಿಯಲ್ಲಿತ್ತು, ಎಂ. ಎನ್. ಶ್ರೀನಿವಾಸರು 1942ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತ ಗ್ರಂಥದಲ್ಲಿ ಇದರ ವಿವರಣೆಯಿದೆ. ಕಲಿತ ವರನಿಗೆ ಸರಕಾರಿ ನೌಕರಿ ಸಿಗತೊಡಗಿದಂತೆ ಹಣ ಎದುರು ದಿಕ್ಕಿಗೆ ಹರಿಯತೊಡಗಿತು. ನಮ್ಮ ಕಡೆ ಅದಕ್ಕೆ ವರೋಪಚಾರವೆಂದು ನಯವಾದ ಹೆಸರು. ವರದಕ್ಷಿಣೆ ನಿಷೇಧ ಕಾಯದೆ 1961ರಲ್ಲಿಯೇ ಬಂದಿದ್ದರೂ ಉಪಚಾರವೆಂದು ಕೊಟ್ಟುದನ್ನು ದಕ್ಷಿಣೆಯೆಂದು ಸಿದ್ಧಪಡಿಸುವುದು ಕೋರ್ಟಿನಲ್ಲಿ ಇಂದಿಗೂ ಸುಲಭವಲ್ಲ.

ದಕ್ಷಿಣದ ರಕ್ತಸಂಬಂಧದ ಮದುವೆಗಳಲ್ಲಿ ಸೊಸೆಯು ಪರಕೀಯಳಲ್ಲವೆಂದೂ ಉತ್ತರ ಭಾರತದ ಸೊಸೆಗಿಂತ ಆಕೆಯ ಬಾಳು ಸುಗಮವೆಂದೂ ಇರಾವತಿ ಕರ್ವೆಯವರು 1953ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ತೋರಿಸಿಕೊಟ್ಟರು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ನಮ್ಮ ಪ್ರದೇಶಕ್ಕೆ ಈ ಮಾತು ಬಹಳಷ್ಟು ಒಪ್ಪುತ್ತದೆ. ಆದರೆ ಅದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಗಂಡನು ತಾಯಿಯ ಸ್ವಂತ ತಮ್ಮನಾಗಿದ್ದಾಗ, ಅಥವಾ ಅತ್ತೆಯೆಂದರೆ ತಂದೆಯ ಅಕ್ಕನೇ ಆಗಿದ್ದಾಗ, ಹೊಡೆತದ ವಿರುದ್ಧ ಫಿರ್ಯಾದಿ ಕೊಡುವುದೆಂದರೆ ತವರಿನ ಬಳ್ಳಿಯನ್ನೇ ಕಡಿದಂತೆ. ಅಲ್ಲಿ ಹಿಂಸೆ ಕಡಿಮೆಯೋ ಗೊತ್ತಿಲ್ಲದೆ ಫಿರ್ಯಾದಿ ಮಾತ್ರ ಕಡಿಮೆಯಿದ್ದರೆ ಆ ಅಂಕೆಯನ್ನು ಸುಖದ ಅಳತೆಯೆಂದು ಹೇಗೆ ಓದುವುದು?

ಹೇಳುವಿಕೆಗೂ ನಡೆಯುವಿಕೆಗೂ ಇರುವ ಅಂತರವನ್ನು 2020ರ ಸಾಲು ಎಷ್ಟು ಸ್ಪಷ್ಟವಾಗಿ ತೋರಿಸಿತೆಂದರೆ, ಅಪರಾಧಶಾಸ್ತ್ರದ ಯಾವ ಪಾಠವೂ ಅಷ್ಟು ಸ್ಪಷ್ಟವಾಗಿ ತೋರಿಸಲಾರದು. ದೇಶದಲ್ಲಿ 498ಎ ಕಲಮಿನಡಿ 2019ರಲ್ಲಿ 1,25,298 ಪ್ರಕರಣಗಳು ದಾಖಲಾಗಿದ್ದವು. 2020ರಲ್ಲಿ ಅವು 1,11,549ಕ್ಕೆ ಇಳಿದವು. ಮರುವರ್ಷ 1,36,234, 2022ರಲ್ಲಿ 1,40,019. ಈ ಸಾಲನ್ನಷ್ಟೇ ನೋಡಿದವನು, 2020ರಲ್ಲಿ ಮನೆಗಳು ಶಾಂತವಾಗಿದ್ದವೆಂದು ಹೇಳಬೇಕಾದೀತು. ಅದೇ ವರ್ಷ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ಕೌಟುಂಬಿಕ ಹಿಂಸೆಯ ದೂರುಗಳು 2,960ರಿಂದ 5,297ಕ್ಕೆ ಏರಿದವು. ಮಾರ್ಚ್ 25ರಿಂದ ಊರೆಲ್ಲ ಮುಚ್ಚಿತ್ತು. ಬಸ್ಸಿಲ್ಲ, ತವರಿಗೆ ಹೋಗುವಂತಿಲ್ಲ, ಠಾಣೆಯವರು ಬೀದಿ ಕಾಯುತ್ತಿದ್ದರು. ಕೈಯಲ್ಲಿ ಮೊಬೈಲು ಇದ್ದವಳು ದಿಲ್ಲಿಗೆ ಸುದ್ದಿ ಮುಟ್ಟಿಸಿದಳು. ಇಲ್ಲದವಳು ಯಾವ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ದಾಖಲೆಯಲ್ಲಿ ಕಂಡ ಇಳಿತವು ಠಾಣೆಯ ದಾರಿ ಮುಚ್ಚಿದುದರ ಇಳಿತವೆಂದೇ ನಾವು ಭಾವಿಸುತ್ತೇವೆ.

ಸಮೀಕ್ಷೆಗಳು ಹೇಳುವ ಕಥೆ ಇನ್ನೂ ಗಂಭೀರವಾದುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015-16) ಕರ್ನಾಟಕದ ಮದುವೆಯಾದ ಸ್ತ್ರೀಯರಲ್ಲಿ ಗಂಡನ ಹಿಂಸೆಯನ್ನು ಅನುಭವಿಸಿದವರು ಶೇಕಡಾ 20.6. ಐದನೆಯ ಸುತ್ತಿನಲ್ಲಿ (2019-21) ಇದು ಶೇಕಡಾ 44.4. ಇಡೀ ದೇಶದ ಪ್ರಮಾಣವು ಅದೇ ಅವಧಿಯಲ್ಲಿ 31.2ರಿಂದ 29.3ಕ್ಕೆ ಇಳಿದಿತ್ತು. ಇದನ್ನು ಮಹಾಮಾರಿಯ ಮೇಲೆ ಹೊರಿಸುವಂತಿಲ್ಲ, ಏಕೆಂದರೆ ಕರ್ನಾಟಕದಲ್ಲಿ ಐದನೆಯ ಸುತ್ತಿನ ಕ್ಷೇತ್ರಕಾರ್ಯ 2019ರ ದ್ವಿತೀಯಾರ್ಧದಲ್ಲಿಯೇ ಮುಗಿದಿತ್ತು. ಮೂರು-ನಾಲ್ಕು ವರ್ಷಗಳಲ್ಲಿ ಹಿಂಸೆ ಇಮ್ಮಡಿಸಿತೆಂದು ನಂಬುವುದು ಕಷ್ಟ. 'ಎಂದಾದರೂ ಹೊಡೆದಿದ್ದಾನೆಯೇ' ಎಂಬ ಪ್ರಶ್ನೆಗೆ ಬಂದ ಉತ್ತರವಾದ್ದರಿಂದ ಅದರಲ್ಲಿ ಹಳೆಯ ವರ್ಷಗಳ ಅನುಭವವೂ ಸೇರಿರುತ್ತದೆ. ಹಿಂದಿನ ಸಲ ಬಾಯಿ ಬಿಡದವರು ಈ ಸಲ ಬಿಟ್ಟರೆಂದು, ಪ್ರಶ್ನೆ ಕೇಳಿದವರ ತರಬೇತಿ ಉತ್ತಮವಾಗಿತ್ತೆಂದು ಊಹಿಸುವುದು ಹೆಚ್ಚು ಸಂಭವನೀಯವಾಗಿ ಕಾಣುತ್ತದೆ. ಹಾಗಿದ್ದರೆ 20.6 ಎಂಬ ಹಿಂದಿನ ಅಂಕೆಯೇ ಸುಳ್ಳು ಸಮಾಧಾನವಾಗಿತ್ತು ಎಂದಾಯಿತು. ಇದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಕಂಡ ಸ್ತ್ರೀಯರ ಪೈಕಿ ಶೇಕಡಾ 77ರಷ್ಟು ಮಂದಿ ನೆರವನ್ನೂ ಬೇಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನೆರವು ಬೇಡಿದವರು ಶೇಕಡಾ 14. ಅವರಲ್ಲಿಯೂ ಬಹುಮಂದಿ ಹೋದದ್ದು ತವರಿನವರ ಬಳಿಗೇ ಹೊರತು ಠಾಣೆಗಲ್ಲ.

ಅಂಕೆಯು ಯಾವ ಊರಿಗೆ ಸೇರುತ್ತದೆ ಎಂಬುದೂ ವಿಚಾರಾರ್ಹ. ಅವಳಿ ನಗರವು ಸುತ್ತಲಿನ ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡ ಜಿಲ್ಲೆಗಳಿಗೆ ಹೆಣ್ಣು ಕೊಡುವ, ಹೆಣ್ಣು ತರುವ ಊರು. ಹಳ್ಳಿಗೆ ಕೊಟ್ಟ ಮಗಳು ಹೊಡೆತ ತಾಳಲಾರದೆ ಹುಬ್ಬಳ್ಳಿಯ ತವರಿಗೆ ಮರಳಿದರೆ ಫಿರ್ಯಾದಿ ಎಲ್ಲಿ ಕೊಡಬೇಕು? ಘಟನೆ ನಡೆದ ಸ್ಥಳದಲ್ಲಿಯೇ ಎಂದು ಠಾಣೆಗಳು ಬಹುಕಾಲ ಹಿಂದಕ್ಕೆ ಕಳಿಸುತ್ತಿದ್ದವು. 2019ರಲ್ಲಿ ರೂಪಾಲಿ ದೇವಿ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಂಡನ ಮನೆಯಿಂದ ಹೊರದೂಡಲ್ಪಟ್ಟವಳು ಆಶ್ರಯ ಪಡೆದ ಊರಿನಲ್ಲಿಯೇ ಪ್ರಕರಣ ದಾಖಲಿಸಬಹುದೆಂದು ನಿರ್ಣಯಿಸಿತು. ಕ್ರೌರ್ಯದ ಮಾನಸಿಕ ಪರಿಣಾಮ ಆ ಊರಿನಲ್ಲಿಯೂ ಮುಂದುವರಿಯುತ್ತದೆ ಎಂಬುದೇ ಅದರ ಆಧಾರ. ಅಂದಿನಿಂದ ನಗರದ ಮಹಿಳಾ ಠಾಣೆಯ ಒಂದು ಪ್ರಕರಣ ನಗರದ ಮನೆಯೊಂದರ ಪ್ರಕರಣವೇ ಆಗಿರಬೇಕೆಂದಿಲ್ಲ.

ಆಸ್ಪತ್ರೆಯ ಮಾತೂ ಹಾಗೆಯೇ. 1957ರಲ್ಲಿ ಮೆಡಿಕಲ್ ಕಾಲೇಜು ಆರಂಭವಾದಂದಿನಿಂದ ಉತ್ತರ ಕರ್ನಾಟಕದ ಸುಟ್ಟಗಾಯದ ರೋಗಿಗಳಿಗೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯೇ ದಿಕ್ಕು. ಎಲ್ಲಿಯೋ ಸುಟ್ಟುಕೊಂಡ ಹೆಣ್ಣುಮಗಳು ಇಲ್ಲಿ ಮರಣಕಾಲದ ಹೇಳಿಕೆ ಕೊಡುತ್ತಾಳೆ, ಇಲ್ಲಿಯೇ ಸಾಯುತ್ತಾಳೆ. ಕಾಗದ ಮೂಲ ಠಾಣೆಗೆ ಹೋಗುತ್ತದೆ. ಮದುವೆಯಾಗಿ ಏಳು ವರ್ಷದೊಳಗೆ ಇಂಥ ಸಾವಾದರೆ ತಹಶೀಲ್ದಾರರ ಸಮಕ್ಷಮ ಶವಪಂಚನಾಮೆ ಆಗಬೇಕೆಂಬ ನಿಯಮ ಬಂದುದು ಸಹ ಎಂಬತ್ತರ ದಶಕದ ಸ್ತ್ರೀ ಚಳುವಳಿಯ ಫಲವೇ. ಆ ಕಾಲದ ಪತ್ರಿಕೆಗಳಲ್ಲಿ 'ಸ್ಟೋವು ಸಿಡಿದು ಗೃಹಿಣಿಯ ಮರಣ' ಎಂಬ ಎರಡು ಸಾಲು ಎಷ್ಟು ಸಾಮಾನ್ಯವಾಗಿತ್ತೆಂದರೆ ಓದುಗರು ಅದನ್ನು ಅಡಿಗೆಮನೆಯ ಅಪಘಾತವೆಂದೇ ತಿಳಿದಿದ್ದರು. ಅತ್ತೆಯ ಕೈಯಲ್ಲಿ ಎಂದೂ ಸಿಡಿಯದ ಸ್ಟೋವು ಸೊಸೆಯ ಕೈಯಲ್ಲಿ ಏಕೆ ಸಿಡಿಯಬೇಕೆಂದು ಕೇಳಿದವರು ಕಾನೂನು ಪಂಡಿತರಲ್ಲ, ಬೀದಿಗಿಳಿದ ಹೆಂಗಸರು. ಗ್ಯಾಸಿನ ಒಲೆ ಬಂದು ಸೀಮೆಎಣ್ಣೆ ಹಿಂದೆ ಸರಿದ ಮೇಲೆ ಆ ನೆಪವೂ ಹಿಂದೆ ಸರಿಯಿತು. ಆದರೂ 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6,450.

ಕೊಲೆಯ ಅಂಕೆಯೇ ಹೆಚ್ಚು ನಂಬಿಕೆಗೆ ಅರ್ಹವೆಂದು ಅಪರಾಧಶಾಸ್ತ್ರಜ್ಞರು ಹೇಳುತ್ತ ಬಂದಿದ್ದಾರೆ, ಹೆಣವನ್ನು ಮುಚ್ಚಿಡುವುದು ಏಟನ್ನು ಮುಚ್ಚಿಡುವಷ್ಟು ಸುಲಭವಲ್ಲವಷ್ಟೆ. ಮಾರ್ವಿನ್ ವೋಲ್ಫ್‌ಗ್ಯಾಂಗ್ ಎಂಬ ವಿದ್ವಾಂಸನು 1948ರಿಂದ 1952ರ ವರೆಗಿನ ಫಿಲಡೆಲ್ಫಿಯಾ ನಗರದ ಕೊಲೆಗಳನ್ನು ಪರಿಶೀಲಿಸಿ, ಸುಮಾರು ಕಾಲುಭಾಗ ಕೊಲೆಗಳು ಕುಟುಂಬದೊಳಗಿನವೆಂದು 1958ರಲ್ಲಿ ತೋರಿಸಿದನು. ವಿಶ್ವಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಸುಮಾರು 85,000 ಸ್ತ್ರೀಯರ ಪೈಕಿ 51,100 ಮಂದಿ ಸಂಗಾತಿಯ ಅಥವಾ ಬಂಧುಗಳ ಕೈಯಲ್ಲಿಯೇ ಸತ್ತರು. ಗಂಡಸಿಗೆ ಬೀದಿ ಅಪಾಯಕರ, ಹೆಂಗಸಿಗೆ ಮನೆ.

2024ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ತರುಣಿಯರ ಕೊಲೆಗಳಾದಾಗ ರಾಜ್ಯವೇ ತಲ್ಲಣಿಸಿತು. ಮೆರವಣಿಗೆಗಳು ನಡೆದವು, ಅಧಿಕಾರಿಗಳು ಅಮಾನತುಗೊಂಡರು. ಆ ಕೊಲೆಗಳ ಆರೋಪಿಗಳು ಕುಟುಂಬದವರಲ್ಲ. ಆ ಆಕ್ರೋಶ ನ್ಯಾಯವಾದುದೇ. ಆದರೆ ಗಂಡನ ಕೈಯಲ್ಲಿ ಸತ್ತವಳಿಗಾಗಿ ಅಂಗಡಿಗಳು ಬಾಗಿಲು ಮುಚ್ಚಿದ ಉದಾಹರಣೆ ನಮ್ಮ ನೆನಪಿನಲ್ಲಿಲ್ಲ. 2025ರ ಡಿಸೆಂಬರಿನಲ್ಲಿ ಹುಬ್ಬಳ್ಳಿ ತಾಲೂಕಿನ ಹಳ್ಳಿಯೊಂದರಲ್ಲಿ, ಬೇರೆ ಜಾತಿಯವನನ್ನು ಮದುವೆಯಾದ ಗರ್ಭಿಣಿಯೊಬ್ಬಳ ಹತ್ಯೆಯಾಗಿ ತಂದೆಯೇ ಬಂಧನಕ್ಕೊಳಗಾದಾಗ ಮನೆಯ ವಿಷಯ ಬೀದಿಗೆ ಬಂದಿತು. ಅದು ಬಂದುದು ಜಾತಿಯ ಪ್ರಶ್ನೆಯ ಬಲದಿಂದ.

ಹೊಸ ಕಾಯದೆಗಳು ಹಳೆಯ ರೂಢಿಗಳನ್ನು ಅಪರಾಧವಾಗಿಸಿದುದು ಮೂರನೆಯ ಅಂಶ. ಬಾಲ್ಯವಿವಾಹವು ಇದಕ್ಕೆ ಒಳ್ಳೆಯ ನಿದರ್ಶನ. ಹದಿನೆಂಟು ತುಂಬದ ಹೆಂಡತಿಯೊಡನೆ ಗಂಡನ ಸಂಗವೂ ಅತ್ಯಾಚಾರವೇ ಎಂದು ಸರ್ವೋಚ್ಚ ನ್ಯಾಯಾಲಯವು 2017ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ಪೋಕ್ಸೋ ಕಾಯದೆಯಂತೆ ಇಂಥ ಸಂಗತಿ ತಿಳಿದ ವೈದ್ಯರು ಪೋಲೀಸರಿಗೆ ವರದಿ ಮಾಡಲೇಬೇಕು. ಹದಿನೇಳರ ಗರ್ಭಿಣಿ ತಪಾಸಣೆಗೆ ಬಂದಳೆಂದರೆ ಗುನ್ನೆ ದಾಖಲಾಗುತ್ತದೆ. ಅಜ್ಜಿಗೆ ಹದಿನಾಲ್ಕರಲ್ಲಿ, ತಾಯಿಗೆ ಹದಿನಾರರಲ್ಲಿ ಲಗ್ನವಾದ ಮನೆಯಲ್ಲಿ ಮೊಮ್ಮಗಳ ಲಗ್ನ ಅಪರಾಧದ ಅಂಕೆಯೊಂದನ್ನು ಹೆಚ್ಚಿಸುತ್ತದೆ. ಕಾಯದೆ ಸರಿಯಾದುದೇ. ಆದರೆ ವರದಿಯ ಭಯದಿಂದ ಆ ಹುಡುಗಿಯನ್ನು ಆಸ್ಪತ್ರೆಗೇ ಕರೆತರದೆ ಇರುವವರೂ ಉಂಟೆಂಬುದನ್ನು ಬಲ್ಲವರು ಬಲ್ಲರು.

ವೃದ್ಧ ತಂದೆ-ತಾಯಿಗಳ ಕಡೆಯಿಂದ ಬರುವ ಅರ್ಜಿಗಳು 2007ರ ಪೋಷಣೆಯ ಕಾಯದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ ಹೋಗುತ್ತವೆ. ಆಸ್ತಿಯನ್ನು ಬರೆಯಿಸಿಕೊಂಡು ಅನ್ನ ಹಾಕದ ಮಕ್ಕಳಿಂದ ಅದನ್ನು ಮರಳಿ ಪಡೆಯಲು ಅದರ 23ನೆಯ ಕಲಮಿನಲ್ಲಿ ಅವಕಾಶವಿದೆ. 2005ರ ಕೌಟುಂಬಿಕ ಹಿಂಸೆ ಕಾಯದೆಯ ಅರ್ಜಿಗಳು ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತವೆ. ಅವರ ರಕ್ಷಣಾಜ್ಞೆಯನ್ನು ಮೀರಿದರೆ ಮಾತ್ರ ಅದು ಅಪರಾಧ. ದ್ವಿಪತ್ನೀ ವಿವಾಹದ ವಿಷಯದಲ್ಲಿ ನೊಂದವಳೇ ನೇರವಾಗಿ ಕೋರ್ಟಿಗೆ ಹೋಗಬೇಕು. ಈ ಮೂರೂ ಬಹುಮಟ್ಟಿಗೆ ಪೋಲೀಸ್ ಅಂಕೆಯ ಹೊರಗೇ ಉಳಿಯುತ್ತವೆ.

498ಎ ಕಲಮಿನ ದುರುಪಯೋಗವಾಗುತ್ತಿದೆ ಎಂಬ ವಾದವನ್ನು ಇಲ್ಲಿ ಪರಾಮರ್ಶಿಸದೆ ಬಿಡುವಂತಿಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಕಲಮಿನಡಿ ಶೇಕಡಾ 93.6ರಷ್ಟು ಪ್ರಕರಣಗಳಲ್ಲಿ ದೋಷಾರೋಪಪಟ್ಟಿ ಸಲ್ಲಿಕೆಯಾಗಿ ಶಿಕ್ಷೆಯಾಗುವುದು ಶೇಕಡಾ 15ರಲ್ಲಿ ಮಾತ್ರ ಎಂದು ಎತ್ತಿ ತೋರಿಸಿ, ವಿಚಾರಿಸದೆ ಬಂಧಿಸುವುದನ್ನು ನಿರ್ಬಂಧಿಸಿತು. ವೃದ್ಧೆ ಅತ್ತೆಯನ್ನೂ ದೂರದ ನಾದಿನಿಯನ್ನೂ ಫಿರ್ಯಾದಿಯಲ್ಲಿ ಸೇರಿಸುವ ಚಾಳಿ ಇಲ್ಲವೆನ್ನಲಾಗದು. ಅದನ್ನು ಬರೆದುಕೊಡುವ ಕೈ ಎಷ್ಟೋ ಸಲ ಹೆಣ್ಣಿನದಲ್ಲ. ಆದರೆ ಶಿಕ್ಷೆಯಾಗದ 85 ಪ್ರಕರಣಗಳೂ ಸುಳ್ಳೆಂದು ಎಣಿಸುವುದು ತರ್ಕಸಮ್ಮತವಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ. ನಡುವೆ ಹಿರಿಯರು ಕೂಡಿಸುತ್ತಾರೆ; ಮಗುವಿಗೆ ಇಷ್ಟು, ಅವಳಿಗೆ ಇಷ್ಟು ಎಂದು ತೀರ್ಮಾನವಾಗುತ್ತದೆ. ಈ ಅಪರಾಧವನ್ನು ನಮ್ಮ ರಾಜ್ಯದಲ್ಲಿ ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಹೀಗಾಗಿ, ಒಂದೋ ಉಚ್ಚ ನ್ಯಾಯಾಲಯಕ್ಕೆ ಹೋಗಿ ಪ್ರಕರಣವನ್ನು ರದ್ದುಪಡಿಸಿಕೊಳ್ಳಬೇಕು (ಧಾರವಾಡದಲ್ಲಿ ಪೀಠವು 2008ರಲ್ಲಿ ಸಂಚಾರಿಯಾಗಿ ಆರಂಭವಾಗಿ 2013ರಲ್ಲಿ ಕಾಯಮಾದುದು ಇದಕ್ಕೆ ಅನುಕೂಲವಾಯಿತು), ಇಲ್ಲವೆ ಸಾಕ್ಷಿಕಟ್ಟೆಯಲ್ಲಿ ನಿಂತು 'ಹಾಗೇನೂ ಆಗಿಲ್ಲ' ಎನ್ನಬೇಕು. ಎರಡನೆಯದು ಅಗ್ಗ. ಅಲ್ಲಿ ಖುಲಾಸೆಯೆಂದು ಬರೆಯಲ್ಪಟ್ಟುದು ರಾಜಿಯ ಮತ್ತೊಂದು ಹೆಸರು.

ವಿವಾಹದ ವ್ಯಾಜ್ಯಗಳಲ್ಲಿ ಪ್ರಕರಣ ದಾಖಲಿಸುವ ಮೊದಲು ಪ್ರಾಥಮಿಕ ವಿಚಾರಣೆ ನಡೆಸಬಹುದೆಂದು 2013ರ ಲಲಿತಾ ಕುಮಾರಿ ತೀರ್ಪು ಅವಕಾಶ ಕೊಟ್ಟಿದೆ. ಠಾಣೆಯಲ್ಲಿ ಗಂಡನನ್ನು ಕರೆಸುವುದು, ಬುದ್ಧಿ ಹೇಳುವುದು, ಮುಚ್ಚಳಿಕೆ ಬರೆಯಿಸಿಕೊಂಡು ಜೋಡಿಯನ್ನು ಮನೆಗೆ ಕಳಿಸುವುದು ನಡೆಯುತ್ತದೆ. 2000-01ರಿಂದ ರಾಜ್ಯದಲ್ಲಿ ನಡೆದು ಬಂದ ಸಾಂತ್ವನ ಕೇಂದ್ರಗಳಲ್ಲಿಯೂ ಸಮಾಲೋಚನೆಯೇ ಮುಖ್ಯ ಕೆಲಸ. ಕೆಲವು ಮನೆಗಳು ಇದರಿಂದ ಉಳಿದಿವೆ. ಹಳೆಯ ದೈವದವರ ಕಟ್ಟೆಯೇ ಠಾಣೆಯೊಳಗೆ ಬಂದು ಕುಳಿತಂತೆ ನಮಗೆ ಕೆಲವೊಮ್ಮೆ ತೋರುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಒಂದು ವಹಿ ಇರುತ್ತದೆ. ನಮ್ಮ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತ ಬಂದಾಗ, ದಾಖಲಾದ ಪ್ರಕರಣಗಳ ಪಟ್ಟಿಗಿಂತ ಈ ಅರ್ಜಿಗಳ ವಹಿಯನ್ನು, ಹೆಸರುಗಳನ್ನು ಬಿಟ್ಟು, ಅನುಮತಿ ಪಡೆದು ನೋಡಿರೆಂದು ನಾವು ಹೇಳುತ್ತೇವೆ. ಅರ್ಜಿ ಕೊಟ್ಟ ದಿನ, ತವರಿನ ಊರು, ಮದುವೆಯಾಗಿ ಎಷ್ಟು ವರ್ಷ, ಹಿಂದೆ ಎಷ್ಟು ಸಲ ಬಂದಿದ್ದಳು, ಇಷ್ಟನ್ನು ಬರೆದುಕೊಂಡರೆ ಸಾಕು. ಮೂರನೆಯ ಸಲ ಅರ್ಜಿ ಕೊಟ್ಟು ಮನೆಗೆ ಮರಳಿದವಳು ನಾಲ್ಕನೆಯ ಸಲ ಬಾರದಿದ್ದರೆ, ಅವಳ ಬಾಳು ನೆಟ್ಟಗಾಯಿತೋ ಅಥವಾ ಅವಳ ಹೆಸರು ಅಸ್ವಾಭಾವಿಕ ಮರಣಗಳ ವಹಿಯಲ್ಲಿದೆಯೋ ಎಂದು ಎರಡನ್ನೂ ಪಕ್ಕಪಕ್ಕಕ್ಕಿಟ್ಟು ನೋಡುವ ಕೆಲಸ ಈ ಊರಿನ ಕಾಲೇಜುಗಳಿಂದ ಆಗಬೇಕಾಗಿದೆ.